ಡಿಸ್ಕಿಗೆ ಹಚ್ಚಿದ ತೆಂಗಿನೆಣ್ಣೆ

ಮಾವಿನಕಾಯಿ ಉಪ್ಪಿಗೆ ಹಾಕಿದ ಭರಣಿಯ ಮೇಲೆ ಭಾರಕ್ಕೆ ಏನಿಡಬೇಕು ಎಂದು ನಮ್ಮ ಪೆರಾಬೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹೊಳೆಯಿಂದ ಒಂದು ಉರುಟು ಕಲ್ಲು ತಂದು ತೊಳೆದು ಇಡುತ್ತಾರೆ, ಮುಗಿಯಿತು. ನಮ್ಮ ಮನೆಯ ಭರಣಿಯ ಮೇಲೆ ಮಾತ್ರ ಮೂರು ವರ್ಷದಿಂದ ಪಿಕಪ್ ಗಾಡಿಯ ಹಳೆಯ ಬ್ರೇಕ್ ಡಿಸ್ಕೊಂದು ಎರಡು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೂತಿತ್ತು. ಕಳೆದ ತಿಂಗಳು ಒಂದು ಬೆಳಿಗ್ಗೆ ಹೆಂಡತಿ ಗೊಜ್ಜಿಗೆಂದು ಮಾವಿನಕಾಯಿ ತೆಗೆಯಲು ಹೋದಾಗ ಚೀಲ ಹರಿಯಿತು. ಅವಳು ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಚಹಾದ ಲೋಟದ ಪಕ್ಕದಲ್ಲಿ ದಡಕ್ಕನೆ ಇಟ್ಟಳು.

"ತುಕ್ಕು ಉದುರ್ತಾ ಉಂಟು. ಇನ್ನು ಮೇಲೆ ನಾನು ಕಲ್ಲೇ ಇಡುದು. ಇದನ್ನು ಗುಜರಿಗೆ ಕೊಡಿ."

ಉಪ್ಪುನೀರು, ಮಾವು, ಕಬ್ಬಿಣ ಮೂರೂ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ಗುಜರಿಗೆ ಕೊಡುವುದಾಗಿದ್ದರೆ ನಾನು ಎಂದೋ ಕೊಡುತ್ತಿದ್ದೆ. ಯಾಕೆ ಕೊಟ್ಟಿಲ್ಲ ಎಂದು ಅವಳಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ನನ್ನ ಭಾವನ ವಿಷಯ ಹೇಳಬೇಕು, ಮತ್ತು ಭಾವನ ವಿಷಯ ಹೇಳಲು ಹೊರಟರೆ ನನಗೆ ಈಗಲೂ ತಲೆ ಬಿಸಿಯಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಕೆದಂಬಾಡಿಯವರು. ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಅಡಿಗೆ ಮಾಡುವವರು. ನಾನು ಅದೇ ಜೆಂಬರಗಳಿಗೆ ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವವನು. ಹಾಗಾಗಿ ವರ್ಷಾನುಗಟ್ಟಲೆ ನಾವಿಬ್ಬರೂ ಒಂದೇ ಪಿಕಪ್ಪಿನಲ್ಲಿ ಪುತ್ತೂರು, ಸುಳ್ಯ, ಕಡಬ ಎಂದು ತಿರುಗಿದವರು. ಹಿಂದೆ ಕಡಾಯಿ, ಕೊಪ್ಪರಿಗೆಗಳ ಗಡಗಡ, ಮುಂದೆ ಸಟ್ಟುಗಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡ ಭಾವ.

ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಅದರಿಂದ ಅವರ ಅಭಿಪ್ರಾಯಗಳಿಗೇನೂ ಅಡ್ಡಿಯಾಗಿರಲಿಲ್ಲ. ಇಳಿಜಾರು ಕಂಡರೆ ಸಾಕು, "ಹಿಡಿ ಹಿಡಿ" ಎನ್ನುತ್ತ ತಮ್ಮ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದರು. ಅಲ್ಲಿ ಒತ್ತಲು ಏನೂ ಇಲ್ಲ, ಬರೀ ಮ್ಯಾಟು. ಒತ್ತಿ ಒತ್ತಿ ಆ ಮ್ಯಾಟಿನಲ್ಲಿ ಅವರ ಹಿಮ್ಮಡಿಯಷ್ಟು ಅಗಲದ ತೂತು ಬಿದ್ದಿತ್ತು. "ಭಾವ, ಬ್ರೇಕ್ ನನ್ನ ಕಾಲಿನ ಅಡಿಯಲ್ಲಿ ಉಂಟು" ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ಇರ್ಲಿ ಮಾರಾಯ, ಇಬ್ಬರೂ ಒತ್ತಿದ್ರೆ ಒಳ್ಳೆದೇ ಅಲ್ವಾ" ಎನ್ನುತ್ತಿದ್ದರು. ಅದಕ್ಕೆ ಏನು ಹೇಳುತ್ತೀರಿ ನೀವು? ನನಗಂತೂ ಸ್ಟೇರಿಂಗಿಗೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತಿತ್ತು.

ಬ್ರೇಕಿನ ವಿಷಯದಲ್ಲಿ ನಮ್ಮೂರಿನಲ್ಲಿ ತಜ್ಞನಲ್ಲದವನು ಯಾರೂ ಇಲ್ಲ. ಚಕ್ರದಿಂದ ಕೀಚು ಸದ್ದು ಬಂತೆಂದು ನೀವು ಒಬ್ಬರ ಹತ್ತಿರ ಹೇಳಿ ನೋಡಿ. ಒಬ್ಬ ಡಿಸ್ಕನ್ನು ಅಮುಕಿ ಹಿಡಿಯುವ ಪ್ಯಾಡನ್ನು ಉಜ್ಜಿ ಹಾಕಿದರೆ ಸಾಕೆನ್ನುತ್ತಾನೆ, ಇನ್ನೊಬ್ಬ ಡಿಸ್ಕನ್ನು ಲೇತಿಗೆ ಕೊಟ್ಟು ನಯ ಮಾಡಿಸಿ ಎನ್ನುತ್ತಾನೆ, ಹಾಲಿನ ಡಿಪೋದವರು ಗಾಡಿಯನ್ನೇ ಮಾರಿ ಎನ್ನುತ್ತಾರೆ. ಇವರೆಲ್ಲರ ಮಾತು ಕೇಳಿ ಕೇಳಿ ರೋಸಿಹೋಗಿ ನಾನು ಒಮ್ಮೆ ಸ್ವಂತ ಬುದ್ಧಿ ಉಪಯೋಗಿಸಿದೆ. ಅದೇ ದೊಡ್ಡ ಅನಾಹುತ. ಒಂದು ಜೆಂಬರಕ್ಕೆ ಪಾತ್ರೆ ಇಳಿಸಿ ಬರುವಾಗ ದಾರಿಬದಿಯಲ್ಲಿ ಟಾರ್ಪಾಲು ಹಾಸಿ ಗಾಡಿಯ ಬಿಡಿಭಾಗ ಮಾರುವವನೊಬ್ಬ ಸಿಕ್ಕಿದ. ಪೆಟ್ಟಿಗೆಯಿಲ್ಲ, ಹೆಸರಿಲ್ಲ, ಪೇಪರಿನಲ್ಲಿ ಸುತ್ತಿದ ಎರಡು ಡಿಸ್ಕುಗಳು. ಕಂಪನಿಯದ್ದೇ ಮಾಲು, ಪೆಟ್ಟಿಗೆ ಮಾತ್ರ ಇಲ್ಲ ಎಂದ. ಅರ್ಧಕ್ಕರ್ಧ ಕ್ರಯ. ನಾನು ಗೆದ್ದವನ ಹಾಗೆ ಗಾಡಿಗೆ ಹತ್ತಿಸಿದೆ.

ಜೊತೆಯಲ್ಲಿದ್ದ ಭಾವ ಒಂದನ್ನು ಎತ್ತಿ, ತೆಂಗಿನಕಾಯಿ ಆರಿಸುವಾಗ ಮಾಡುವಂತೆ ಕೈಯಲ್ಲಿ ತೂಗಿ ನೋಡಿದರು.

"ಹಗುರ ಉಂಟಲ್ಲ ಮಾರಾಯ ಇದು."

"ಭಾವ, ನೀವು ಪಾಯಸ ನೋಡಿಕೊಳ್ಳಿ. ಇದು ನಿಮಗೆ ಗೊತ್ತಾಗುದಿಲ್ಲ" ಎಂದೆ. ಅವರು ಕೆಳಗಿಟ್ಟರು. ಈ ಮಾತನ್ನು ನೀವು ಮರೆಯಬೇಡಿ, ನಾನು ಮರೆಯಲು ಮಾಡಿದ ಪ್ರಯತ್ನ ಏನೂ ಫಲ ಕೊಟ್ಟಿಲ್ಲ.

ಆ ಡಿಸ್ಕುಗಳನ್ನೇ ಮುಂದಿನ ಚಕ್ರಗಳಿಗೆ ಹಾಕಿಸಿ ಆಯಿತು. ಆಮೇಲೆ ಬಂದದ್ದು ಆಯುಧಪೂಜೆ. ಭಾವನಿಗೆ ವರ್ಷದಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ. ತಮ್ಮ ಮನೆಯ ಕತ್ತಿ, ಮೆಟ್ಟುಗತ್ತಿ, ಹೆರೆಮಣೆ, ಸಟ್ಟುಗಗಳನ್ನೆಲ್ಲ ತೊಳೆದು, ಮನೆಯ ಗಾಣದ ತೆಂಗಿನೆಣ್ಣೆ ಹಚ್ಚಿ, ಗಂಧ ಇಟ್ಟು, ಅಷ್ಟು ಮುಗಿಸಿ ನಮ್ಮಲ್ಲಿಗೆ ಬರುತ್ತಿದ್ದರು. ಕಬ್ಬಿಣ ಎಂದರೆ ಆ ದಿನ ಎಣ್ಣೆ ಬೀಳಲೇಬೇಕು. ತುಕ್ಕು ಹಿಡಿದ ಆಯುಧಕ್ಕೆ ಪೂಜೆ ಮಾಡಿದರೆ ದೇವರಿಗೆ ಅವಮಾನ ಎನ್ನುವುದು ಅವರ ಸಿದ್ಧಾಂತ.

ಆ ಸಲ ಮುಂದಿನ ಎರಡು ಚಕ್ರಗಳನ್ನು ಟಯರು ಬದಲಿಸಲೆಂದು ಬಿಚ್ಚಿ, ಗಾಡಿಯನ್ನು ಅಂಗಳದಲ್ಲಿ ಮರದ ತುಂಡುಗಳ ಮೇಲೆ ನಿಲ್ಲಿಸಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮಳೆಗೆ ನೆನೆದ ಡಿಸ್ಕು ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತದೆ, ಎರಡು ಸಲ ಬ್ರೇಕ್ ಒತ್ತಿದರೆ ಆ ತುಕ್ಕು ಉಜ್ಜಿ ಹೋಗುತ್ತದೆ. ಇದು ಗಾಡಿ ಇರುವವರಿಗೆಲ್ಲ ಗೊತ್ತು. ಭಾವನಿಗೆ ಗಾಡಿ ಇಲ್ಲ. ನಾನು ಒಳಗೆ ಗಂಧ ತೇಯುತ್ತಿದ್ದಾಗ ಅವರು ಆ ಕೆಂಪು ಕಂಡು ಮನಸ್ಸು ತಡೆಯದೆ, ಬಟ್ಟೆಯ ಚೂರು ಅದ್ದಿ ಅದ್ದಿ ಎರಡೂ ಡಿಸ್ಕುಗಳಿಗೆ ಎಣ್ಣೆ ಕುಡಿಸಿ, ಫಳಫಳ ಮಾಡಿ, ಕೈ ತೊಳೆದುಕೊಂಡು ಬಂದು ಕೂತರು. ಟಯರಿನವರು ಬಂದು ಚಕ್ರ ಹಾಕಿ ಹೋದರು. ಅವರಿಗೂ ಹಬ್ಬದ ಗಡಿಬಿಡಿ, ಒಳಗೆ ಯಾರು ನೋಡುತ್ತಾರೆ?

ಮಂಗಳಾರತಿ ಆಯಿತು. ಅವಲಕ್ಕಿ ಪ್ರಸಾದ ಹಿಡಿದುಕೊಂಡು ನೆರೆಕರೆಯವರೆಲ್ಲ ಸುತ್ತ ನಿಂತಿದ್ದರು. ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ಗಾಡಿಯನ್ನು ನಾಲ್ಕು ಮಾರು ಮುಂದೆ ತಂದು ನಿಲ್ಲಿಸಬೇಕು, ಅದು ಕ್ರಮ. ನಿಂಬೆಹಣ್ಣು ಚೆನ್ನಾಗಿಯೇ ಜಜ್ಜಿಹೋಯಿತು. ಆಮೇಲೆ ನಾನು ಬ್ರೇಕ್ ಒತ್ತಿದೆ. ಗಾಡಿ ಅದು ತನಗೆ ಸಂಬಂಧಿಸಿದ ವಿಷಯವೇ ಅಲ್ಲ ಎನ್ನುವಂತೆ ಅಂಗಳದ ಇಳಿಜಾರಿನಲ್ಲಿ ಹೋಗುತ್ತಲೇ ಇತ್ತು. ಹೋಗಿ, ತೊಳೆದು ಕವುಚಿ ಹಾಕಿದ್ದ ಪಾಯಸದ ದೊಡ್ಡ ಕೊಪ್ಪರಿಗೆಗೆ ಗುದ್ದಿ ನಿಂತಿತು. ಆ ಸದ್ದು ಕೊಯಿಲದ ಸರ್ಕಾರಿ ಫಾರ್ಮಿನ ದನಗಳಿಗೂ ಕೇಳಿರಬೇಕು.

ಯಾರಿಗೂ ಪೆಟ್ಟಾಗಲಿಲ್ಲ. ಕೊಪ್ಪರಿಗೆಯ ಹೊಟ್ಟೆ ಮಾತ್ರ ಒಳಗೆ ಹೋಯಿತು, ಅದೂ ಭಾವ ತಮ್ಮದೇ ಎಂದು ತಿಳಿದುಕೊಂಡಿದ್ದ ಕೊಪ್ಪರಿಗೆ. ನಾನು ಇಳಿದು ಬಂದಾಗ ಅವರು ಪ್ರಸಾದದ ಕೈಯಲ್ಲೇ ನಿಂತು, "ಎಣ್ಣೆ ಹಚ್ಚಿದ್ದು ಒಳ್ಳೆದಕ್ಕಲ್ವಾ?" ಎಂದರು. ಎಲ್ಲಿಗೆ ಎಣ್ಣೆ ಎಂದು ಕೇಳಿದೆ. ತೋರಿಸಿದರು. ನೆರೆದವರು ನಗಲು ಸುರು ಮಾಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟೂ ಜನರ ಎದುರು ಹೇಳಿಬಿಟ್ಟೆ: "ನೀವು ಇನ್ನು ನನ್ನ ಗಾಡಿ ಮುಟ್ಟಬೇಡಿ."

ಕಡಬದಲ್ಲಿ ಗ್ಯಾರೇಜಿರುವ ಮೆಕ್ಯಾನಿಕ್ ಚೆನ್ನಪ್ಪ ಅದೇ ಸಂಜೆ ಸ್ಕೂಟರಿನಲ್ಲಿ ಬಂದ. ಮರುದಿನ ಸುಳ್ಯದಾಚೆಯ ಘಾಟಿಯ ಒಂದು ಮನೆಗೆ ಕುರ್ಚಿ, ಪಾತ್ರೆ ಇಳಿಸಬೇಕಿತ್ತು, ಅದಕ್ಕಾಗಿ ಕೈಮುಗಿದು ಕರೆಸಿದ್ದು. ಅವನು ಚಕ್ರ ಬಿಚ್ಚಿ ಪ್ಯಾಡು ತೆಗೆದು ಮೂಸಿ, "ಹಪ್ಪಳ ಕರೀಬಹುದು" ಎಂದು ನಕ್ಕ. ಎಣ್ಣೆ ಕುಡಿದ ಪ್ಯಾಡನ್ನು ಏನು ಮಾಡಿದರೂ ಉಪಯೋಗವಿಲ್ಲ, ಬಿಸಾಡಬೇಕು ಎಂದ. ಆಮೇಲೆ ಎಡಗಡೆಯ ಡಿಸ್ಕನ್ನು ಟಾರ್ಚು ಹಾಕಿ ನೋಡುತ್ತ ನೋಡುತ್ತ ಅವನ ನಗು ನಿಂತಿತು. ನನ್ನನ್ನು ಹತ್ತಿರ ಕರೆದು ಉಗುರಿನಿಂದ ತೋರಿಸಿದ. ಅಂಚಿನಿಂದ ಒಳಗಿನವರೆಗೆ ಕೂದಲೆಳೆಯಷ್ಟು ಸಪೂರದ ಬಿರುಕು.

"ಇದು ಎಣ್ಣೆಯದ್ದಲ್ಲ ಅಣ್ಣ. ಇದು ಮೊದಲೇ ಇತ್ತು. ಹಾಳು ಎರಕ. ನಾಳೆ ಲೋಡು ಹಾಕಿ ಘಾಟಿ ಇಳಿತಿದ್ರೆ..." ಎಂದು ನಿಲ್ಲಿಸಿ, "ಎಲ್ಲಿಂದ ತಂದದ್ದು ಇದನ್ನು?" ಎಂದ.

ನಾನು ಜಗುಲಿಯ ಕಡೆ ನೋಡಿದೆ. ಭಾವ ಕಂಬಕ್ಕೊರಗಿ ಊಟವನ್ನೂ ಮಾಡದೆ ಕೂತಿದ್ದರು. ಆ ಎಣ್ಣೆ ಬೀಳದಿದ್ದರೆ ಚೆನ್ನಪ್ಪ ಬಂದು ಚಕ್ರ ಬಿಚ್ಚುತ್ತಿರಲಿಲ್ಲ, ಬಿಚ್ಚದಿದ್ದರೆ ಬಿರುಕು ಕಾಣುತ್ತಿರಲಿಲ್ಲ, ಮರುದಿನ ನಾವಿಬ್ಬರೂ ಅದೇ ಡಿಸ್ಕಿನಲ್ಲಿ ಘಾಟಿ ಇಳಿಯುತ್ತಿದ್ದೆವು. ಎದ್ದು ಹೋಗಿ ಅಷ್ಟು ಹೇಳಿದ್ದರೆ ಎರಡು ನಿಮಿಷದ ಕೆಲಸ. ನಾನು ಚೆನ್ನಪ್ಪನಿಗೆ, "ಮೆಲ್ಲ ಮಾತಾಡು ಮಾರಾಯ" ಎಂದೆ. ಸಿಟ್ಟು ಇಳಿದ ಮೇಲೆ ಹೇಳುವ ಎಂದುಕೊಂಡೆ. ಸಿಟ್ಟು ಇಳಿಯಿತು, ಆಗ ನಾಚಿಕೆ ಹತ್ತಿ ಕೂತಿತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಪುತ್ತೂರಿಗೆ ಹೋದೆ. ಸ್ಪೇರ್ ಪಾರ್ಟ್ಸಿನ ಹಮೀದ್ ಬ್ಯಾರಿಗಳು ಗಲ್ಫಿನ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದು ಬಂದವರು. ಅವರ ಹತ್ತಿರ ಸಾಮಾನು ತೆಗೆದುಕೊಳ್ಳುವುದು ಒಂದು ಪರೀಕ್ಷೆಗೆ ಕೂತ ಹಾಗೆ. ಎಷ್ಟು ಲೋಡು, ಯಾವ ರಸ್ತೆ, ಘಾಟಿ ಉಂಟಾ, ದಿನಾ ಓಡುವ ಗಾಡಿಯಾ ಎಂದು ಕೇಳುತ್ತಲೇ ಹೋದರು. ಎರಡು ಡಿಸ್ಕು ತಂದು ಒಂದಾದ ಮೇಲೊಂದು ತಕ್ಕಡಿಗೆ ಹಾಕಿದರು. ನೋಡಲು ಅವಳಿಜವಳಿ, ತೂಕದಲ್ಲಿ ಮುಳ್ಳು ಬೇರೆಬೇರೆ ಕಡೆ ನಿಂತಿತು. ಸ್ಪಾನರಿನಿಂದ ತಟ್ಟಿದರು. ಒಂದು ಗಂಟೆಯ ಹಾಗೆ ಉಲಿಯಿತು, ಇನ್ನೊಂದು ಮಡಕೆಯ ಹಾಗೆ.

"ಕೈಯಲ್ಲಿ ಹಿಡಿದ್ರೆ ಗೊತ್ತಾಗ್ತದೆ. ಒಳ್ಳೆ ಡಿಸ್ಕು ಹಗುರ ಇರುದಿಲ್ಲ" ಎಂದರು. ನಾನು ಕೆಮ್ಮಿದೆ.

ಪ್ಯಾಡಿನ ಅಧ್ಯಾಯ ಇನ್ನೂ ಉದ್ದ. ಮೆತ್ತಗಿನದ್ದಾದರೆ ಸದ್ದಿಲ್ಲ, ಆದರೆ ಘಾಟಿಯಲ್ಲಿ ಬಿಸಿಯಾಗಿ ಹಿಡಿತ ಬಿಡುತ್ತದೆ. ತೀರಾ ಗಟ್ಟಿಯದ್ದಾದರೆ ಡಿಸ್ಕನ್ನೇ ತಿನ್ನುತ್ತದೆ. ಅಂಚು ಇಳಿಜಾರು ಮಾಡಿರಬೇಕು, ಬೆನ್ನಿಗೆ ಸದ್ದು ತಡೆಯುವ ತಗಡು ಇರಬೇಕು, ಎರಡೂ ಬದಿಗೆ ಒಟ್ಟಿಗೇ ಹಾಕಬೇಕು. ನನ್ನ ತಾಳ್ಮೆ ಹಿಂದಿನ ದಿನವೇ ಖರ್ಚಾಗಿತ್ತು. "ಬ್ಯಾರಿಗಳೇ, ಯಾವುದಾದ್ರೂ ಒಂದು ಕೊಡಿ, ಗಾಡಿ ನಿಂತಿದೆ" ಎಂದೆ.

ಅವರು ಪೆಟ್ಟಿಗೆ ಮುಚ್ಚಿದರು. "ಗಾಡಿಯಲ್ಲಿ ನಿಮ್ಮ ಬದಿಯಲ್ಲಿ ಕೂರುದು ಯಾರು?"

"ಭಾವ."

"ಹಾಗಾದ್ರೆ ಅವರನ್ನು ನೆನೆಸಿ ತೆಗೊಳ್ಳಿ. ನಮ್ಮ ಜೀವಕ್ಕೆ ನಾವು ಯಾವಾಗ್ಲೂ ಕಮ್ಮಿದ್ದೇ ನೋಡುದು."

ಒಳ್ಳೆಯದನ್ನೇ ತೆಗೆದುಕೊಂಡೆ. ಆದರೆ ಪಕ್ಕದಲ್ಲಿ ಕೂರುವವರನ್ನು ನಾನು ಹಿಂದಿನ ದಿನವೇ ಇಳಿಸಿ ಆಗಿತ್ತು.

ಮೂರು ವರ್ಷ ಭಾವ ನನ್ನ ಗಾಡಿ ಮುಟ್ಟಲಿಲ್ಲ. ಜೆಂಬರದಲ್ಲಿ ಮಾತಾಡುತ್ತಿದ್ದರು, ಉಪ್ಪು ನೋಡು ಎಂದು ಸಾಂಬಾರು ಕೊಡುತ್ತಿದ್ದರು, ಹೊರಡುವ ಹೊತ್ತಿಗೆ ಮಾತ್ರ ಸಟ್ಟುಗದ ಕಟ್ಟು ಹೆಗಲಿಗೇರಿಸಿ ಬಸ್ಸಿನ ಕಡೆ ನಡೆಯುತ್ತಿದ್ದರು. ಒಂದೇ ಊರಿಗೆ, ಒಂದೇ ಮನೆಗೆ, ನಾನು ಖಾಲಿ ಸೀಟಿನ ಗಾಡಿಯಲ್ಲಿ, ಅವರು ಬಸ್ಸಿನಲ್ಲಿ ನಿಂತುಕೊಂಡು! ಕೊಯಿಲದ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಹಾರ್ನ್ ಹಾಕಿ ನಿಲ್ಲಿಸಿದ್ದೇನೆ. ಬಾರದ ಬಸ್ಸಿನ ದಾರಿ ನೋಡುತ್ತ, "ನೀನು ಹೋಗು, ನಾನು ಮುಟ್ಟಿದ್ದು ಕೆಡ್ತದೆ" ಎನ್ನುತ್ತಿದ್ದರು. ಎಂಥ ಹಟ ಎಂದು ಹಲ್ಲು ಕಚ್ಚಿಕೊಂಡು ಮುಂದೆ ಹೋಗುತ್ತಿದ್ದೆ.

ಅದಕ್ಕಿಂತ ಕಷ್ಟದ್ದು ಜನರ ತಮಾಷೆ. ಯಾವ ಜೆಂಬರಕ್ಕೆ ಹೋದರೂ ಒಲೆಯ ಹತ್ತಿರ ಒಬ್ಬ ಬಂದು, "ಭಟ್ರೆ, ಡಿಸ್ಕಿಗೆ ಎಷ್ಟು ಕುಡ್ತೆ ಎಣ್ಣೆ ಬೇಕು?" ಎಂದು ಕೇಳಿಯೇ ಕೇಳುತ್ತಿದ್ದ. ಭಾವ ಒಲೆಯ ಕಡೆ ತಿರುಗಿ ಸೌದೆ ಒತ್ತುತ್ತಿದ್ದರು. ನಾನು ಕುರ್ಚಿ ಎಣಿಸುವವನಂತೆ ಆಚೆ ಹೋಗುತ್ತಿದ್ದೆ. ಬಿರುಕಿನ ಡಿಸ್ಕು ಗುಜರಿಗೆ ಹೋದರೆ ಯಾರಾದರೂ ನೋಡಿಯಾರು ಎಂದು ಭರಣಿಯ ಮೇಲೆ ಅಡಗಿಸಿಟ್ಟವನು ನಾನು. ಈಗ ಗೊತ್ತಾಯಿತಲ್ಲ ನಿಮಗೆ?

ಹೆಂಡತಿ ಡಿಸ್ಕು ತಂದಿಟ್ಟ ದಿನವೇ ಚೆನ್ನಪ್ಪ ಫೋನು ಮಾಡಿದ. ಸರ್ವಿಸಿಗೆ ಬಿಟ್ಟಿದ್ದ ಗಾಡಿ ಆಗಿದೆ, ಆದರೆ ಡಿಸ್ಕು ಸವೆದಿದೆ, ಹೊಸತು ತಂದುಬಿಡಿ ಎಂದ. ಗಾಡಿ ತರಲು ಕಡಬಕ್ಕೆ ಹೊರಟವನು ಯಾಕೋ ಆ ತುಕ್ಕಿನ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡೆ. ಗಾಡಿ ಸಿಕ್ಕಿದ್ದೇ ಪುತ್ತೂರಿಗೆ ಹೋಗುವ ಬದಲು ಮೆಲ್ಲ ಮೆಲ್ಲ ಕೆದಂಬಾಡಿಗೆ ಬಿಟ್ಟೆ.

ಭಾವ ಜಗುಲಿಯಲ್ಲಿ ಬಾಳೆಲೆ ಒರೆಸುತ್ತಿದ್ದರು. ನಾನು ಡಿಸ್ಕು ತೆಗೆದು ಅವರ ಎದುರು ಇಟ್ಟು, ಬಿರುಕಿನ ಮೇಲೆ ಬೆರಳಿಟ್ಟು, ಒಂದೇ ಉಸಿರಿಗೆ ಹೇಳಿದೆ. ಇದು ಆವತ್ತಿನದ್ದು. ಒಡೆದದ್ದು ನಿಮ್ಮ ಎಣ್ಣೆಯಿಂದಲ್ಲ. ನಾನು ತಂದದ್ದೇ ಹಾಳು ಮಾಲು. ನೀವು ಎಣ್ಣೆ ಹಚ್ಚದಿದ್ದರೆ ಮರುದಿನ ಘಾಟಿಯಲ್ಲಿ ಇಬ್ಬರೂ ಹೋಗುತ್ತಿದ್ದೆವು. ನನಗೆ ಆವತ್ತೇ ಗೊತ್ತಿತ್ತು.

ಅವರು ಡಿಸ್ಕನ್ನು ಎತ್ತಿ ಕೈಯಲ್ಲಿ ತೂಗಿದರು. ಅದೇ ಹಳೆಯ ರೀತಿ.

"ಮಾವಿನಕಾಯಿ ಪರಿಮಳ ಬರ್ತದಲ್ಲ?"

ಎಲ್ಲಿಟ್ಟಿದ್ದೆ ಎಂದು ಹೇಳಬೇಕಾಯಿತು. ಅವರ ಮುಖ ಕೆಂಪಾಯಿತು.

"ಮೂರು ವರ್ಷ! ನಾನು ಬಸ್ಸಿನಲ್ಲಿ ಸಟ್ಟುಗ ಹಿಡ್ಕೊಂಡು ನೇತಾಡುದು, ನೀನು ಇದನ್ನು ಉಪ್ಪಿನಲ್ಲಿ ಹಾಕಿ ಇಡುದು! ನಾಚಿಕೆ ಆಗುದಿಲ್ವಾ ನಿಂಗೆ?"

"ಆಗ್ತದೆ" ಎಂದೆ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲನೆ ಹೇಳಿದಳು: "ಆ ವರ್ಷದ ನಂತರ ಇವ್ರು ಆಯುಧಪೂಜೆಗೆ ಮನೆಯ ಕತ್ತಿಗೂ ಎಣ್ಣೆ ಹಚ್ಚಿಲ್ಲ, ಗೊತ್ತುಂಟಾ? ಎಲ್ಲ ಹಾಗೇ ತುಕ್ಕು ಹಿಡಿದು ಬಿದ್ದಿದೆ. ನಾನು ಹಚ್ಚುವ ಅಂದ್ರೂ ಬಿಡುದಿಲ್ಲ."

ಅದು ನನಗೆ ಗೊತ್ತಿರಲಿಲ್ಲ. ಭಾವನ ಬೈಗಳು ಎಷ್ಟಿದ್ದರೂ ತಡೆದುಕೊಳ್ಳುತ್ತಿದ್ದೆ, ಈ ಮಾತನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಭಾವ ಎದ್ದು ಒಳಗೆ ಹೋದರು. ಇನ್ನು ಹೊರಗೆ ಬರುವುದಿಲ್ಲ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಅಂಗಿ ಹಾಕಿಕೊಂಡು ಬಂದರು.

"ನಡಿ. ಈ ಸಲ ತೂಗಿ ನೋಡುದು ನಾನು."

ಆಮೇಲಿನ ಕಷ್ಟ ಕೇಳಬೇಡಿ. ಹಮೀದ್ ಬ್ಯಾರಿಗಳ ಅಂಗಡಿಯಲ್ಲಿದ್ದ ಡಿಸ್ಕುಗಳನ್ನೆಲ್ಲ ಎತ್ತಿ ಇಳಿಸಿ, ತಟ್ಟಿ, ಕಿವಿಗೊಟ್ಟು ಕೇಳಿದರು. ಇಬ್ಬರೂ ಸೇರಿ ನನ್ನನ್ನು ಮೂಲೆಯ ಸ್ಟೂಲಿನಲ್ಲಿ ಕೂರಿಸಿ ಪ್ಯಾಡಿನ ಮೇಲೆ ಚರ್ಚೆ ಮಾಡಿದರು. ಚೆನ್ನಪ್ಪನ ಗ್ಯಾರೇಜಿನಲ್ಲಿ ಪೆಟ್ಟಿಗೆ ಒಡೆದಾಗ ಹೊಸ ಡಿಸ್ಕು ಜಿಡ್ಡಾಗಿ ಮಿನುಗುತ್ತಿತ್ತು. ಭಾವ ಬೆರಳಿನಿಂದ ಮುಟ್ಟಿ ನೋಡಿ ಗ್ಯಾರೇಜಿಗೇ ಕೇಳುವಂತೆ ಕೂಗಿದರು: "ನೋಡು ನೋಡು, ಕಂಪನಿಯವರೂ ಎಣ್ಣೆ ಹಚ್ಚಿದ್ದಾರೆ!"

"ತುಕ್ಕು ಬಾರದ ಹಾಗೆ ಹಚ್ಚುದು ಭಟ್ರೆ. ಪೂರ್ತಿ ಒರೆಸಿಯೇ ಗಾಡಿಗೆ ಹಾಕುದು" ಎಂದ ಚೆನ್ನಪ್ಪ.

"ತಾ ಇಲ್ಲಿ" ಎಂದು ಭಾವ ಬಟ್ಟೆ ಕಿತ್ತುಕೊಂಡರು. ತೊಳೆಯುವ ದ್ರವ ಹಾಕಿ ಒಂದು ಸಲ ಒರೆಸಿದರು, ಇನ್ನೊಂದು ಸಲ ಒರೆಸಿದರು, ಬಟ್ಟೆ ಬದಲಿಸಿ ಮತ್ತೆ ಒರೆಸಿದರು. "ಹೋಯ್ತಾ? ಪೂರ್ತಿ ಹೋಯ್ತಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಚೆನ್ನಪ್ಪನ ತಾಳ್ಮೆ ಮುಗಿಯುತ್ತ ಬಂದಿತ್ತು. ನಾನು ಅವನಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದೆ.

ಮೊನ್ನೆ ಸುಳ್ಯದಲ್ಲಿ ಒಂದು ಮದುವೆ. ಪಾಯಸ ಕುದಿಯುತ್ತಿದ್ದಾಗ ಒಬ್ಬರು ಅಭ್ಯಾಸದಂತೆ ಬಂದರು. "ಭಟ್ರೆ, ಡಿಸ್ಕಿಗೆ ಎಷ್ಟು ಕುಡ್ತೆ ಎಣ್ಣೆ?" ಭಾವ ಸಟ್ಟುಗ ತಿರುಗಿಸುತ್ತ ನನ್ನ ಮುಖ ನೋಡಿದರು, ಅಷ್ಟೆ. ನಾನು ಕುರ್ಚಿ ಬಿಟ್ಟು ಒಲೆಯ ಹತ್ತಿರ ಬಂದು, ಬಡಿಸುವವರು, ತರಕಾರಿ ಹೆಚ್ಚುವವರು ಎಲ್ಲರೂ ಕೇಳುವಂತೆ ಹೇಳಿದೆ. ದಾರಿಬದಿಯ ಡಿಸ್ಕಿನ ಕತೆ, ಬಿರುಕಿನ ಕತೆ, ಭರಣಿಯ ಕತೆ, ಒಂದೂ ಬಿಡಲಿಲ್ಲ. ಕೇಳಿದವರು ನಕ್ಕರು, ಈ ಸಲ ನನ್ನನ್ನು ನೋಡಿ. ಇನ್ನು ಹತ್ತು ವರ್ಷ ಯಾವ ಜೆಂಬರಕ್ಕೆ ಹೋದರೂ ಭರಣಿಯ ವಿಷಯ ಕೇಳುತ್ತಾರೆ, ನನಗೆ ಗೊತ್ತಿದೆ.

ಭಾವ ಪಾಯಸದಿಂದ ತಲೆಯೆತ್ತದೆ, "ಬೆಲ್ಲ ತಾ" ಎಂದರು. ತಂದುಕೊಟ್ಟೆ.

ಬರುವಾಗ ಅವರು ಮುಂದಿನ ಸೀಟಿನಲ್ಲಿ ಸಟ್ಟುಗದ ಕಟ್ಟು ಹಿಡಿದು ಕೂತಿದ್ದರು. ಸೀಟು ತಗ್ಗಾಯಿತು ಎಂದರು, ಗಾಜು ಸರಿಯಾಗಿ ಇಳಿಯುವುದಿಲ್ಲ ಎಂದರು, ಪೂಜೆಗೆ ಗಾಣದ ಎಣ್ಣೆ ತಾನೇ ತರುತ್ತೇನೆ ಎಂದರು. "ಬಾಗಿಲಿನ ತಿರುಗಣೆಗೆ ಮಾತ್ರ ಭಾವ" ಎಂದೆ. "ನಂಗೆ ಅಷ್ಟೂ ಗೊತ್ತಿಲ್ವಾ?" ಎಂದು ರೇಗಿದರು. ಇಳಿಜಾರು ಬಂತು. ಎದುರಿನಿಂದ ಬಸ್ಸು.

"ಹಿಡಿ ಹಿಡಿ!"

ನಾನು ಒತ್ತಿದೆ. ಕಡಾಯಿ, ಕೊಪ್ಪರಿಗೆಗಳಷ್ಟೂ ಹಿಂದೆ ಗಡಗಡ ಎಂದು ಮುಂದಕ್ಕೆ ಸರಿದವು, ಗಾಡಿ ಇದ್ದಲ್ಲೇ ನಿಂತಿತು. ಬಸ್ಸು ದಾಟಿ ಹೋಯಿತು. ಪಕ್ಕಕ್ಕೆ ನೋಡಿದರೆ, ಭಾವನ ಬಲಗಾಲು ಹೊಸ ಮ್ಯಾಟನ್ನು ಇನ್ನೂ ಒತ್ತಿ ಹಿಡಿದಿತ್ತು. ಬ್ರೇಕ್ ನನ್ನ ಕಾಲಿನ ಅಡಿಯಲ್ಲಿ ಉಂಟು ಎಂದು ನಾನು ಹೇಳಲಿಲ್ಲ. ಅವರು ಕಾಲು ತೆಗೆಯುವವರೆಗೆ ನಾನೂ ತೆಗೆಯಲಿಲ್ಲ.